ಗಾಳಿ ಹೆಚ್ಚಿಸುವ ಮೊದಲು ಬಿಸಿ ಇಳಿಸಿ: ಸೂಪರ್‌ಚಾರ್ಜರ್ ಕಾರುಗಳ ಪ್ರಶ್ನೋತ್ತರ

ಈ ಬಾರಿ ಮುಂಬೈ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇರುವ ಕಾರುಗಳದ್ದೇ ದೊಡ್ಡ ಪಾಲು. ಹತ್ತು ಹದಿನೈದು ವರ್ಷ ಹಳೆಯ ಜರ್ಮನ್, ಬ್ರಿಟಿಷ್ ಕಾರುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೈಗೆಟಕುವ ಬೆಲೆಗೆ ಇಳಿದಿರುವುದು ಇದಕ್ಕೆ ಕಾರಣವಿರಬೇಕು. ಒಂದೇ ವಿಷಯ ಕೇಳಿದ ಪತ್ರಗಳಲ್ಲಿ ಒಂದನ್ನು ಮಾತ್ರ ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಬಳಿ 2009ರ ಮರ್ಸಿಡಿಸ್ ಸಿ 200 ಕಂಪ್ರೆಸರ್ ಇದೆ. ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ ಹಾಕಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿದರೆ, ಅಂದರೆ ಅದರ ಸಾಫ್ಟ್‌ವೇರ್ ತಿದ್ದಿದರೆ, 184 ಎಚ್‌ಪಿಯಿಂದ 220ಕ್ಕೆ ಏರಿಸಬಹುದು ಎಂದು ಒಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ನಂಬಬಹುದೇ? ಮೊದಲು ಏನು ಮಾಡಿಸಬೇಕು?
— ಕೆ. ಆರ್., ಮುಲುಂಡ್

ಉತ್ತರ: 220 ಬರುವುದಿಲ್ಲ. ಮುಂಬೈಯ ಸೆಕೆಯಲ್ಲಿ, ಬಂಕಿನ ಪೆಟ್ರೋಲಿನಲ್ಲಿ, ಪುಲ್ಲಿ ಮತ್ತು ರೀಮ್ಯಾಪ್ ಎರಡರಿಂದಲೇ ಶೇ. 8ರಿಂದ 10ರಷ್ಟು ಏರಿ 200ರ ಆಸುಪಾಸಿಗೆ ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ. ಯಾಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಿ.

ನಿಮ್ಮ ಕಾರಿನ ಎಂ271 ಎಂಜಿನ್ 1796 ಸಿಸಿಯದು. ಸೂಪರ್‌ಚಾರ್ಜರ್ ರೂಟ್ಸ್ ಮಾದರಿಯದು (ಎರಡು ರೋಟರ್ ಎದುರುಬದುರು ತಿರುಗಿ ಗಾಳಿ ತಳ್ಳುವಂಥದ್ದು), ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನಿಂದ ಬೆಲ್ಟ್ ಮೂಲಕ ತಿರುಗುತ್ತದೆ. ಲೆಕ್ಕಕ್ಕಾಗಿ ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಸೂಪರ್‌ಚಾರ್ಜರ್ ಪುಲ್ಲಿ 65 ಮಿ.ಮೀ. ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದಾಗ ಸೂಪರ್‌ಚಾರ್ಜರ್ ಸುಮಾರು 13,850 ಸುತ್ತು ತಿರುಗುತ್ತದೆ. ಪುಲ್ಲಿಯನ್ನು 58 ಮಿ.ಮೀ.ಗೆ ಇಳಿಸಿದರೆ 15,500. 55ಕ್ಕೆ ಇಳಿಸಿದರೆ 16,350 ದಾಟುತ್ತದೆ. ನಿಮ್ಮ ಕಾರಿನ ಎರಡೂ ಪುಲ್ಲಿಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಈ ಲೆಕ್ಕ ಮಾಡಿ, ಆ ಸೂಪರ್‌ಚಾರ್ಜರ್ ತಯಾರಕರು ಕೊಟ್ಟ ಗರಿಷ್ಠ ವೇಗದೊಂದಿಗೆ ತಾಳೆ ನೋಡಿ. ಆ ಮಿತಿ ದಾಟಿದರೆ ಒಳಗಿನ ಗೇರು, ಬೇರಿಂಗು ಹೋಗುತ್ತವೆ. ರೋಟರ್ ಒಂದಕ್ಕೊಂದು ತಾಗಿತು ಎಂದರೆ ಲೋಹದ ಚೂರು ನೇರ ಸಿಲಿಂಡರಿಗೆ ಇಳಿಯುತ್ತದೆ.

ಇನ್ನು ಬಿಸಿಯ ವಿಷಯ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವ ಹಾಗೆ. ಹೊರಗೆ 35 ಡಿಗ್ರಿ ಇದ್ದು ಬೂಸ್ಟ್ (ಹೊರಗಾಳಿಗಿಂತ ಹೆಚ್ಚಿರುವ ಒತ್ತಡ) 0.5 ಬಾರ್ ಆಗಿದ್ದರೆ, ಶೇ. 60ರ ದಕ್ಷತೆಯ ರೂಟ್ಸ್ ಸೂಪರ್‌ಚಾರ್ಜರಿನಿಂದ ಹೊರಬರುವ ಗಾಳಿ ಸುಮಾರು 100 ಡಿಗ್ರಿ ಇರುತ್ತದೆ. ಬೂಸ್ಟ್ 0.7 ಬಾರ್‌ಗೆ ಏರಿದರೆ ಅದು 120 ಡಿಗ್ರಿ ಮುಟ್ಟುತ್ತದೆ. ವೇಗ ಹೆಚ್ಚಿದಂತೆ ದಕ್ಷತೆ ಕುಸಿಯುವುದರಿಂದ ನಿಜದಲ್ಲಿ ಇನ್ನೂ ಮೇಲೆಯೇ. ಈ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಸಿಯಲ್ಲಿ ಒಂದಷ್ಟನ್ನು ತೆಗೆಯುತ್ತದೆ, ಎಲ್ಲವನ್ನೂ ಅಲ್ಲ. ಬಿಸಿ ಗಾಳಿ ಹಗುರ, ಅದರಲ್ಲಿ ಆಮ್ಲಜನಕ ಕಡಿಮೆ. ಮೇಲಾಗಿ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಶುರುವಾಗಿ ಇಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿ ತಡವಾಗಿ ಹೊತ್ತಿಸುತ್ತದೆ, ಶಕ್ತಿ ಇಳಿಯುತ್ತದೆ. ಇದರ ಜೊತೆಗೆ ಸೂಪರ್‌ಚಾರ್ಜರ್ ತಿರುಗಿಸಲು ಬೇಕಾದ ಶಕ್ತಿಯೂ ಎಂಜಿನ್ನಿನದೇ. ಈ ಗಾತ್ರದ ಎಂಜಿನ್ನಿನಲ್ಲಿ ಮೊದಲಿಗೆ 13 ಎಚ್‌ಪಿ ತಿನ್ನುತ್ತಿದ್ದದ್ದು ಬೂಸ್ಟ್ ಏರಿದ ಮೇಲೆ 20ರ ಗಡಿ ದಾಟುತ್ತದೆ. ಪುಲ್ಲಿ ಶೇ. 15 ಚಿಕ್ಕದಾದರೆ ಶಕ್ತಿ ಶೇ. 15 ಏರುವುದಿಲ್ಲ ಎನ್ನುವುದಕ್ಕೆ ಇಷ್ಟೂ ಕಾರಣ.

ಇದೇ 1.8 ಲೀಟರ್ ಎಂಜಿನ್ನನ್ನು ಕಂಪನಿಯೇ ಹಿಂದಿನ ಸಿ ಕ್ಲಾಸ್‌ನಲ್ಲಿ 143, 163, 192 ಎಚ್‌ಪಿ ಎಂದು ಮೂರು ಬಗೆಯಲ್ಲಿ ಮಾರಿತ್ತು. ಗ್ಯಾರೇಜಿನವರು ಇದನ್ನು ತೋರಿಸಿ ಸಾಫ್ಟ್‌ವೇರ್ ಬದಲಿಸಿದರೆ ಸಾಕು ಎಂದರೆ ಒಪ್ಪಬೇಡಿ. ಕಂಪ್ರೆಷನ್ ಅನುಪಾತವೂ ಈ ಎಲ್ಲದರಲ್ಲೂ ಒಂದೇ ಆಗಿರಲಿಲ್ಲ.

ಮೊದಲು ಮಾಡಿಸಬೇಕಾದದ್ದು ಎಂಜಿನ್ ಪರೀಕ್ಷೆ. ಎಂ271ರ ಟೈಮಿಂಗ್ ಚೈನ್ ಹಿಗ್ಗುವುದು, ಕ್ಯಾಮ್ ಅಡ್ಜಸ್ಟರಿನ ಹಲ್ಲು ಸವೆಯುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ದೋಷ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಗಡಗಡ ಸದ್ದು ಬಂದರೆ ಚೈನು, ಟೆನ್ಷನರ್, ಅಡ್ಜಸ್ಟರ್ ಎಲ್ಲ ಬದಲಿಸುವವರೆಗೆ ಪುಲ್ಲಿಯ ಮಾತೇ ಎತ್ತಬೇಡಿ. ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್‌ಗಳನ್ನು ಕೈಯಿಂದ ಹಿಸುಕಿ ನೋಡಿ. ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಲೀಕ್‌ಡೌನ್ ಪರೀಕ್ಷೆಯಲ್ಲಿ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಶೇ. 20 ದಾಟಿದರೆ ಆ ಎಂಜಿನ್ ಮಾರ್ಪಾಡಿಗೆ ತಕ್ಕದ್ದಲ್ಲ.

ಇಷ್ಟು ಪಾಸಾದರೆ ಪುಲ್ಲಿಗೆ ಬನ್ನಿ. ಹಲವು ಸೂಪರ್‌ಚಾರ್ಜರುಗಳಲ್ಲಿ ಪುಲ್ಲಿಯನ್ನು ಶಾಫ್ಟಿಗೆ ಒತ್ತಿ ಕೂರಿಸಿರುತ್ತಾರೆ. ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು. ಸುತ್ತಿಗೆ ಮುಟ್ಟಿಸಿದರೆ ಮುಂದಿನ ಬೇರಿಂಗ್ ಹೋಯಿತು ಅಂತಲೇ. ವ್ಯಾಸ 10 ಮಿ.ಮೀ. ಕಡಿಮೆಯಾದರೆ, ಬೆಲ್ಟ್ ಅರ್ಧ ಸುತ್ತು ಹಿಡಿದಿರುವ ಪುಲ್ಲಿಯಲ್ಲಿ, ಬೆಲ್ಟ್ ಸುಮಾರು 15 ಮಿ.ಮೀ. ಗಿಡ್ಡದ್ದು ಬೇಕಾಗುತ್ತದೆ. ಬೆಲ್ಟಿನ ಮೇಲೆ 6ಪಿಕೆ1550 ಎಂದಿದ್ದರೆ ಆರು ಏಣು, 1550 ಮಿ.ಮೀ. ಉದ್ದ. ಅದರ ಬದಲು 1535 ಹುಡುಕಿ. ಹಳೆಯ ಬೆಲ್ಟನ್ನೇ ಬಿಟ್ಟರೆ ಟೆನ್ಷನರ್ ತುದಿ ಮುಟ್ಟಿ, 5000 ದಾಟಿದ ಮೇಲೆ ಬೆಲ್ಟ್ ಜಾರುತ್ತದೆ. ಬೂಸ್ಟ್ ಗೇಜ್ ಮೇಲೆ ಹೋಗಬೇಕಾದಲ್ಲಿ ಇಳಿಯುತ್ತದೆ, ಬಾನೆಟ್ ಒಳಗೆ ಕಪ್ಪು ರಬ್ಬರ್ ಪುಡಿ ಬಿದ್ದಿರುತ್ತದೆ. ಸೂಪರ್‌ಚಾರ್ಜರ್ ಪುಲ್ಲಿ ಬಿಟ್ಟು ದೊಡ್ಡ ಕ್ರ್ಯಾಂಕ್ ಪುಲ್ಲಿ ಹಾಕೋಣ ಎನ್ನುವವರೂ ಇದ್ದಾರೆ. ಕಂಪನಿಯ ಕ್ರ್ಯಾಂಕ್ ಪುಲ್ಲಿಯೊಳಗೆ ಕಂಪನ ಹೀರುವ ರಬ್ಬರ್ ಪದರ ಇರುತ್ತದೆ. ಅದಿಲ್ಲದ ಅಲ್ಯುಮಿನಿಯಂ ಪುಲ್ಲಿ ಹಾಕಿದರೆ ಕ್ರ್ಯಾಂಕ್‌ಶಾಫ್ಟ್ ತಿರುಚು ಕಂಪನವೆಲ್ಲ ಬೇರಿಂಗಿನ ಮೇಲೆ. ದಯವಿಟ್ಟು ಬೇಡ.

ಪ್ಲಗ್‌ಗಳು ಒಂದು ಹಂತ ತಣ್ಣನೆಯವು ಇರಲಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ಇಳಿದಷ್ಟೂ ತಣ್ಣಗೆ; ಅಂಗಡಿಯಲ್ಲಿ ಇದೊಂದು ಅದಲುಬದಲಾಗಿ ಪಿಸ್ಟನ್ ಕರಗಿದ ಎಂಜಿನ್‌ಗಳಿವೆ. ಗ್ಯಾಪ್ 1 ಮಿ.ಮೀ. ಇದ್ದರೆ 0.7 ಅಥವಾ 0.8ಕ್ಕೆ ಇಳಿಸಿ, ಇಲ್ಲದಿದ್ದರೆ ಹೆಚ್ಚಿದ ಒತ್ತಡದಲ್ಲಿ ಕಿಡಿ ಆರಿಹೋಗುತ್ತದೆ. ರೀಮ್ಯಾಪ್ ಮಾಡುವವರು ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ–ಇಂಧನದ ಪ್ರಮಾಣ ಅಳೆಯುವುದು) ಹಾಕದೆ ಲ್ಯಾಪ್‌ಟಾಪ್ ತೆರೆದರೆ ಅಲ್ಲಿಂದ ಕಾರು ತೆಗೆದುಕೊಂಡು ಬನ್ನಿ. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ (ಆ ಪ್ರಮಾಣದ ಅಂಕಿ; 1ಕ್ಕಿಂತ ಕೆಳಗೆ ಇದ್ದರೆ ಇಂಧನ ಹೆಚ್ಚು) 0.80ರಿಂದ 0.82ರ ನಡುವೆ ಇರಬೇಕು. ಕೆಲಸ ಮುಗಿದ ಮೇಲೆ ಬೂಸ್ಟ್, ಒಳಗಾಳಿಯ ಉಷ್ಣತೆ, ಲ್ಯಾಂಬ್ಡಾ, ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಶೇಕಡಾ ಹೊತ್ತು), ಪ್ರತಿ ಸಿಲಿಂಡರಿನ ನಾಕ್ ರಿಟಾರ್ಡ್ (ನಾಕಿಂಗ್‌ಗಾಗಿ ಟೈಮಿಂಗ್ ಎಷ್ಟು ಹಿಂದಕ್ಕೆ ಹೋಯಿತು), ಈ ಐದರ ಲಾಗ್ ಫೈಲ್ ಕೇಳಿ ಪಡೆಯಿರಿ. ಹಣ ಕೊಟ್ಟ ನಿಮ್ಮ ಹಕ್ಕು ಅದು.

ಪ್ರಶ್ನೆ: ನನ್ನ ಸೂಪರ್‌ಚಾರ್ಜ್ಡ್ ವಿ8 ಎಸ್‌ಯುವಿ ಬೆಳಿಗ್ಗೆ ಚೆನ್ನಾಗಿ ಎಳೆಯುತ್ತದೆ. ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ತೆವಳಿದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಸಪ್ಪೆ. ಯಾವ ಎರರ್ ಕೋಡೂ ಇಲ್ಲ.
— ಎಂ. ಎಸ್., ಬೊರಿವಲಿ

ಉತ್ತರ: ಇದು ದೋಷವಲ್ಲ, ಇಸಿಯು ಎಂಜಿನ್ನನ್ನು ಕಾಪಾಡುತ್ತಿದೆ. ಎಂಜಿನ್ನಿನ ಎರಡು ಸಾಲುಗಳ ನಡುವೆ ಕೂತ ಸೂಪರ್‌ಚಾರ್ಜರ್ ನಿಂತ ಟ್ರಾಫಿಕ್ಕಿನಲ್ಲಿ ಕೆಳಗಿನಿಂದ ಬಿಸಿ ಹೀರುತ್ತಲೇ ಇರುತ್ತದೆ. ಒಳಗಾಳಿಯ ಉಷ್ಣತೆ 60–65 ಡಿಗ್ರಿ ದಾಟಿದ ಮೇಲೆ ಟೈಮಿಂಗ್ ಹಿಂದಕ್ಕೆ ಹೋಗುತ್ತದೆ. ಇಸಿಯುವಿನ ಅಂಕಿಗಳನ್ನು ಓದುವ ಒಂದು ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಆ ಒಂದು ಅಂಕಿಯನ್ನು ಒಂದು ವಾರ ಗಮನಿಸಿ. ರಸ್ತೆಯಲ್ಲಿ 80ರ ವೇಗದಲ್ಲಿ ಸಮನಾಗಿ ಓಡುವಾಗ ಹೊರಗಿನ ಉಷ್ಣತೆಗಿಂತ 15–20 ಡಿಗ್ರಿ ಮೇಲಿದ್ದರೆ ಸರಿ. 35 ಡಿಗ್ರಿ ಮೇಲಿದ್ದರೆ ಚಾರ್ಜ್ ಕೂಲರಿನ (ನೀರಿನಿಂದ ಕೆಲಸ ಮಾಡುವ ಇಂಟರ್‌ಕೂಲರ್) ನೀರು ಓಡುತ್ತಿಲ್ಲ.

ನೋಡಬೇಕಾದ ಕ್ರಮ ಹೀಗೆ: ಎಂಜಿನ್ ತಣ್ಣಗಿರುವಾಗ ಚಾರ್ಜ್ ಕೂಲರಿನ ಎಲೆಕ್ಟ್ರಿಕ್ ಪಂಪಿಗೆ ಕೈ ಇಟ್ಟು, ಸ್ಕ್ಯಾನರಿನಿಂದ ಅದನ್ನು ಚಾಲೂ ಮಾಡಿಸಿ. ಸಣ್ಣ ಅದುರು ಗೊತ್ತಾಗಬೇಕು. ಪಂಪು ತಿರುಗುತ್ತಿದ್ದರೂ ನೀರು ಹೋಗದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಯಾರಾದರೂ ಹಿಂದೆ ಕೂಲೆಂಟ್ ಬದಲಿಸಿ ಗಾಳಿ ಹೊರಬಿಡದೆ (ಬ್ಲೀಡ್ ಮಾಡದೆ) ಬಿಟ್ಟಿರುತ್ತಾರೆ. ಕೈಯಲ್ಲಿ ಸುರಿದರೆ ಇಂಥ ಸರ್ಕ್ಯೂಟ್ ತುಂಬುವುದಿಲ್ಲ, ವ್ಯಾಕ್ಯೂಮ್ ಫಿಲ್ಲರ್ ಬೇಕು. ಮೂರನೆಯದು ಮುಂಭಾಗದ ರೇಡಿಯೇಟರ್. ಎಸಿ ಕಂಡೆನ್ಸರ್ ಮತ್ತು ಚಾರ್ಜ್ ಕೂಲರ್ ರೇಡಿಯೇಟರ್ ನಡುವಿನ ಸಂದಿನಲ್ಲಿ ಮಳೆಗಾಲದ ಕೆಸರು, ಹುಳು, ಪ್ಲಾಸ್ಟಿಕ್ ಚೂರು ಗೋಡೆ ಕಟ್ಟಿರುತ್ತವೆ. ಹೊರಗಿನಿಂದ ಕಾಣುವುದಿಲ್ಲ, ಬಂಪರ್ ಬಿಚ್ಚಿ ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಡಬೇಕು. ಬಹಳಷ್ಟು ಕಾರುಗಳಲ್ಲಿ ಇದರಿಂದಲೇ ಅರ್ಧ ಕಾಯಿಲೆ ವಾಸಿ.

ಸರ್ಕ್ಯೂಟ್ ಎಂಜಿನ್ನಿನಿಂದ ಪ್ರತ್ಯೇಕವಾಗಿದ್ದರೆ ಕೂಲೆಂಟನ್ನು ಅರ್ಧಕ್ಕೆ ಅರ್ಧ ಬೆರೆಸುವ ಅಗತ್ಯ ಇಲ್ಲಿ ಇಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನೀರು ಹೆಚ್ಚಿದ್ದಷ್ಟೂ ಶಾಖ ಒಯ್ಯುವುದು ಹೆಚ್ಚು. ಆದರೆ ಮೂರನೇ ಒಂದು ಭಾಗ ಕೂಲೆಂಟಿಗಿಂತ ಕೆಳಗೆ ಇಳಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ. ಉಳಿದದ್ದು ಡಿಸ್ಟಿಲ್ಡ್ ನೀರೇ ಆಗಿರಲಿ, ಬೋರ್‌ವೆಲ್ ನೀರು ಬೇಡವೇ ಬೇಡ.

ಇದಿಷ್ಟೂ ಮಾಡಿ ಇನ್ನೂ ಬೇಕೆನಿಸಿದರೆ ದೊಡ್ಡ ಮುಂಭಾಗದ ರೇಡಿಯೇಟರ್ ಹಾಕಿಸಿ. ಅದರ ಲಾಭ ಪ್ರತಿದಿನ ಸಿಗುತ್ತದೆ. ಬೂಸ್ಟ್ ಏರಿಸದೆ ಕಳೆದುಹೋದ ಶಕ್ತಿ ವಾಪಸ್ ತರುವ ದಾರಿ ಇದು.

ಪ್ರಶ್ನೆ: ಇ20 ಪೆಟ್ರೋಲಿನಲ್ಲಿ (ಶೇ. 20 ಎಥನಾಲ್ ಬೆರೆಸಿದ್ದು) ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಹೆಚ್ಚು, ಹಾಗಾಗಿ ಬೂಸ್ಟ್ ಏರಿಸಲು ಒಳ್ಳೆಯದು ಎನ್ನುತ್ತಾರೆ. ಇಂಜೆಕ್ಟರ್ ಬದಲಿಸಬೇಕೇ? ಯಾವ ಅಳತೆ? ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಹಾಕಿಸುತ್ತಿದ್ದರೆ ಸಾಕಲ್ಲವೇ?
— ವಿ. ಪಿ., ಕೋಥ್ರೂಡ್, ಪುಣೆ

ಉತ್ತರ: ಎಥನಾಲ್ ನಾಕಿಂಗ್ ತಡೆಯುತ್ತದೆ, ಆವಿಯಾಗುವಾಗ ಗಾಳಿಯನ್ನೂ ತಂಪು ಮಾಡುತ್ತದೆ, ಅದು ನಿಜ. ಆದರೆ ಅದಕ್ಕೆ ಇಂಧನ ಹೆಚ್ಚು ಬೇಕು. ಶುದ್ಧ ಪೆಟ್ರೋಲಿನ 1 ಕಿಲೊಗೆ 14.7 ಕಿಲೊ ಗಾಳಿ ಸಾಕಾದರೆ ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶೇ. 8–9ರಷ್ಟು ಹೆಚ್ಚುವರಿ ಇಂಧನ. ಸಾಧಾರಣ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಇದನ್ನು ಸರಿದೂಗಿಸುತ್ತದೆ. ಹಳೆಯ ಕಾರುಗಳಲ್ಲಿ ಪೂರ್ತಿ ಥ್ರಾಟಲ್ ಒತ್ತಿದಾಗ ಆ ತಿದ್ದುಪಡಿ ಇರುವುದಿಲ್ಲ, ಅಪಾಯ ಇರುವುದೂ ಆ ಕ್ಷಣದಲ್ಲೇ.

ಇಂಜೆಕ್ಟರ್ ಅಳತೆಯ ಲೆಕ್ಕ ಸುಲಭ. ಸೂಪರ್‌ಚಾರ್ಜ್ಡ್ ಎಂಜಿನ್ನಿಗೆ ಒಂದು ಎಚ್‌ಪಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಇಂಧನ ಎಂದು ಹಿಡಿಯಿರಿ. 220 ಎಚ್‌ಪಿ ಗುರಿಗೆ 1386 ಸಿಸಿ, ನಾಲ್ಕು ಸಿಲಿಂಡರಿಗೆ ತಲಾ 347. ಇಂಜೆಕ್ಟರನ್ನು ಶೇ. 85ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದು, ಆದ್ದರಿಂದ 408. ಇ20ಗೆ ಶೇ. 8 ಸೇರಿಸಿದರೆ 440 ಸಿಸಿ. ಅತಿ ದೊಡ್ಡದು ಹಾಕಿದರೆ ಐಡ್ಲಿಂಗ್ ಕುಂಟುತ್ತದೆ. ಫ್ಯುಯೆಲ್ ಪ್ರೆಷರ್ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಪೈಪ್ ಬಂದಿದೆಯೇ ನೋಡಿ. 3 ಬಾರ್‌ಗೆ ಸ್ಥಿರವಾಗಿದ್ದರೆ, 0.7 ಬಾರ್ ಬೂಸ್ಟ್ ಎದುರು ಒತ್ತಿದಾಗ ಉಳಿಯುವುದು 2.3, ಹರಿವು ಶೇ. 12 ಕಡಿಮೆಯಾಗುತ್ತದೆ. 440ರ ಇಂಜೆಕ್ಟರ್ 385ರದ್ದಾಗಿ ಬಿಡುತ್ತದೆ. ಈ ಲೆಕ್ಕವೆಲ್ಲ ಪೋರ್ಟ್ ಇಂಜೆಕ್ಷನ್ (ಇಂಧನವನ್ನು ಸಿಲಿಂಡರಿನ ಹೊರಗೆ, ವಾಲ್ವ್ ಬಳಿ ಸಿಂಪಡಿಸುವ) ಎಂಜಿನ್ನಿಗೆ ಮಾತ್ರ.

ಎಕ್ಸ್‌ಪಿ100 ಪುಣೆಯಲ್ಲಿ, ಮುಂಬೈಯಲ್ಲಿ 2020ರಲ್ಲಿ ಮೊದಲ ಹಂತದಲ್ಲೇ ಬಂತು. ಆದರೆ ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. 100 ಆಕ್ಟೇನಿಗೇ ಟೈಮಿಂಗ್ ಬರೆಸಿ, ಕೊಲ್ಹಾಪುರದಲ್ಲಿ ಸಾದಾ ಪೆಟ್ರೋಲ್ ತುಂಬಿಸಿ, ಆಂಬೋಲಿ ಘಾಟಿಯಲ್ಲಿ ಸಾಮಾನು ಹೇರಿಕೊಂಡು ಗೋವಾಕ್ಕೆ ಹೊರಟರೆ ಪಿಸ್ಟನ್ ರಿಂಗಿನ ಏಣು ಮುರಿಯುವುದು ಅಲ್ಲೇ. ದಾರಿಯಲ್ಲಿ ಸಿಗುವ ಅತಿ ಕಡಿಮೆ ಆಕ್ಟೇನಿಗೆ ಮ್ಯಾಪ್ ಬರೆಸಿ, ಉತ್ತಮ ಪೆಟ್ರೋಲನ್ನು ಹೆಚ್ಚುವರಿ ರಕ್ಷಣೆ ಎಂದು ಬಳಸಿ. ಎರಡು ಮ್ಯಾಪ್ ಇಟ್ಟುಕೊಂಡು ಸ್ವಿಚ್ಚಿನಿಂದ ಬದಲಿಸುವ ಸೌಲಭ್ಯ ನಿಮ್ಮ ಇಸಿಯುವಿಗೆ ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮುಂಬೈಯಲ್ಲಿ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ 172 ವೀಲ್ ಎಚ್‌ಪಿ (ಚಕ್ರಕ್ಕೆ ತಲುಪುವ ಶಕ್ತಿ) ತೋರಿಸಿದ ಕಾರು ಪುಣೆಯಲ್ಲಿ 160 ತೋರಿಸಿತು. ಎಂಜಿನ್ ಕೆಟ್ಟಿದೆಯೇ?
— ಆರ್. ಜಿ., ಚಿಂಚ್‌ವಡ್

ಉತ್ತರ: ಕೆಟ್ಟಿರಲಾರದು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಶೇ. 6ರಷ್ಟು ಕಡಿಮೆ. ಎಂಜಿನ್ನಿನ ಹೊಗೆಯಿಂದ ತಿರುಗುವ ಟರ್ಬೊ ಇದ್ದರೆ ಇಸಿಯು ಅದನ್ನು ಇನ್ನಷ್ಟು ವೇಗವಾಗಿ ತಿರುಗಿಸಿ ಬೂಸ್ಟ್ ಸರಿಮಾಡಿಕೊಳ್ಳಬಹುದು. ಸೂಪರ್‌ಚಾರ್ಜರಿನ ವೇಗ ಕ್ರ್ಯಾಂಕಿಗೆ ಕಟ್ಟಿಹಾಕಿದ್ದು. ಬಂದ ಗಾಳಿಯನ್ನೇ ಅದೇ ಪಟ್ಟು ಒತ್ತುತ್ತದೆ. 172ರಲ್ಲಿ ಶೇ. 6 ಕಳೆದರೆ 162. ಉಳಿದ ಎರಡು ಎಚ್‌ಪಿ ಟೈರ್ ಒತ್ತಡಕ್ಕೂ ಪಟ್ಟಿ ಬಿಗಿದ ರೀತಿಗೂ ಹೋಗುತ್ತದೆ.

ಎರಡೂ ಕಡೆ ಪ್ರಿಂಟ್‌ಔಟಿನಲ್ಲಿ ಕರೆಕ್ಷನ್ ಫ್ಯಾಕ್ಟರ್ (ಹವೆಗೆ ತಕ್ಕಂತೆ ಅಂಕಿ ತಿದ್ದುವ ಗುಣಕ) ಏನಿತ್ತು ನೋಡಿ. ಹೋಲಿಸುವುದಾದರೆ ಒಂದೇ ಡೈನೊ, ಒಂದೇ ಗೇರು, ಮಾರ್ಪಾಡಿಗೆ ಮುಂಚೆ ಮೂರು ಓಟ, ನಂತರ ಮೂರು ಓಟ, ಪ್ರತಿ ಓಟದ ಶುರುವಿನಲ್ಲಿ ಒಳಗಾಳಿಯ ಉಷ್ಣತೆ ಒಂದೇ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಮನೆಯ ಪೆಡೆಸ್ಟಲ್ ಫ್ಯಾನ್ ಇಟ್ಟು ತೆಗೆದ ಅಂಕಿಗೆ ಬೆಲೆ ಕೊಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ತಿಂಗಳು ನಿಲ್ಲಿಸಿದ್ದ ಕಾರು ಹೊರತೆಗೆದ ಮೇಲೆ ಐಡ್ಲಿಂಗ್‌ನಲ್ಲಿ ಸೂಪರ್‌ಚಾರ್ಜರ್ ಕಡೆಯಿಂದ ಕಟಕಟ ಸದ್ದು. ವೇಗ ಏರಿಸಿದರೆ ನಿಲ್ಲುತ್ತದೆ. ಅದಕ್ಕೆ ಬೇರೆ ಆಯಿಲ್ ಉಂಟೇ? ಬದಲಿಸಬೇಕಾ?
— ಡಿ. ಎನ್., ಮಡಗಾಂವ್

ಉತ್ತರ: ಐಡ್ಲಿಂಗ್‌ನಲ್ಲಿ ಬಂದು ವೇಗದಲ್ಲಿ ಮಾಯವಾಗುವ ಸದ್ದು ಹೆಚ್ಚಾಗಿ ಕಪ್ಲರಿನದು. ಪುಲ್ಲಿಯ ಶಾಫ್ಟಿಗೂ ರೋಟರ್ ಗೇರಿಗೂ ನಡುವೆ ಇರುವ ಈ ಭಾಗದ ರಂಧ್ರಗಳು ಸವೆದು ಪಿನ್ನುಗಳು ಅಲುಗಾಡುತ್ತವೆ. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಇರುವ ಕಪ್ಲರ್ ಇರುತ್ತದೆ, ಅದರದ್ದೂ ಇದೇ ಪಾಡು. ಸೂಪರ್‌ಚಾರ್ಜರಿನ ಮೂತಿ ಬಿಚ್ಚಿ ಕಪ್ಲರ್ ಬದಲಿಸಬಹುದು, ಇಡೀ ಘಟಕ ಕೊಳ್ಳಬೇಕಿಲ್ಲ. ಸದ್ದು ಕೀರಲಾಗಿ, ವೇಗದ ಜೊತೆ ಏರುತ್ತಿದ್ದರೆ ಅದು ಬೇರಿಂಗ್. ಆಗ ಕಾರು ಓಡಿಸಬೇಡಿ.

ಹೌದು, ಈ ಬಗೆಯ ಹೆಚ್ಚಿನ ಸೂಪರ್‌ಚಾರ್ಜರುಗಳಿಗೆ ತಮ್ಮದೇ ಆಯಿಲ್ ಉಂಟು. ಸಾಮಾನ್ಯವಾಗಿ 100ರಿಂದ 200 ಮಿ.ಲೀ. ಅಷ್ಟೇ. ಕಂಪನಿಯವರು ಜೀವಮಾನಕ್ಕೆ ಸಾಕು ಎಂದರೂ ಹತ್ತು ವರ್ಷದ ಕಾರಿನಲ್ಲಿ ಅದು ಕಪ್ಪಾಗಿ, ಕೆಟ್ಟ ವಾಸನೆ ಹೊಡೆಯುತ್ತದೆ. ಸೂಪರ್‌ಚಾರ್ಜರಿಗೆಂದೇ ಇರುವ ಸಿಂಥೆಟಿಕ್ ಆಯಿಲ್ ಮಾತ್ರ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ನೊರೆ ಬಂದು ಗೇರಿಗೆ ಪದರ ನಿಲ್ಲುವುದಿಲ್ಲ. ಇಂಜೆಕ್ಷನ್ ಸಿರಿಂಜಿನಿಂದ ಹಳೆಯದನ್ನು ಎಳೆದು ಅಳೆಯಿರಿ. ಪುಸ್ತಕದಲ್ಲಿದ್ದಕ್ಕಿಂತ ಕಡಿಮೆ ಬಂದರೆ ಮುಂದಿನ ಸೀಲ್ ಸೋರುತ್ತಿದೆ.

ಗೋವಾದ ಉಪ್ಪುಗಾಳಿಯಲ್ಲಿ ನಿಂತ ಕಾರಿಗೆ ಇನ್ನೆರಡು ಪರೀಕ್ಷೆ: ಪುಲ್ಲಿಯ ತೋಡುಗಳಲ್ಲಿ ತುಕ್ಕು ಹಿಡಿದಿದ್ದರೆ ಅದು ಅರದಂತೆ ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ, ತಂತಿ ಬ್ರಷ್‌ನಿಂದ ಉಜ್ಜಿ. ಬೇಡದ ಹೊತ್ತಿನಲ್ಲಿ ಒತ್ತಿದ ಗಾಳಿಯನ್ನು ವಾಪಸ್ ಬಿಡುವ ಬೈಪಾಸ್ ಫ್ಲಾಪ್ ಕೈಯಿಂದ ಸರಾಗವಾಗಿ ತಿರುಗಬೇಕು. ಮುಚ್ಚಿಯೇ ಅಂಟಿಕೊಂಡಿದ್ದರೆ ಗಾಳಿ ಸುಮ್ಮನೆ ಬಿಸಿಯಾಗುತ್ತಲೇ ಇರುತ್ತದೆ. ಟ್ಯಾಂಕಿನಲ್ಲಿ ಮೂರು ತಿಂಗಳಿಂದ ಉಳಿದ ಇ20 ತೇವ ಹೀರಿರುತ್ತದೆ, ಅದನ್ನು ತೆಗೆದು ಹೊಸದು ತುಂಬಿಸಿದ ಮೇಲೆಯೇ ಎಂಜಿನ್ನಿಗೆ ಹೊರೆ ಕೊಡಿ.

ಪ್ರಶ್ನೆ: 2015ರ ಆಡಿ ಎಸ್5 ಸ್ಪೋರ್ಟ್‌ಬ್ಯಾಕ್‌ಗೆ ಸ್ಟೇಜ್ 1 (ಭಾಗ ಬದಲಿಸದೆ ಸಾಫ್ಟ್‌ವೇರ್ ಮಾತ್ರ ತಿದ್ದುವ) ರೀಮ್ಯಾಪ್ ಸಾಕೇ, ಪುಲ್ಲಿಯೂ ಬೇಕೇ?
— ಎ. ಬಿ., ಬಾಣೇರ್, ಪುಣೆ

ಉತ್ತರ: ರೀಮ್ಯಾಪ್ ಸಾಕು. 333 ಎಚ್‌ಪಿ, 440 ಎನ್‌ಎಂ ಕೊಡುವ ಈ 3.0 ಟಿಎಫ್‌ಎಸ್‌ಐ ಎಂಜಿನ್ನಿನ ಸೂಪರ್‌ಚಾರ್ಜರ್ ನಾಲ್ಕು ಹಾಲೆಯ ರೋಟರಿನದು, ಹಳೆಯ ರೂಟ್ಸ್‌ಗಿಂತ ದಕ್ಷ. ಕಂಪನಿಯ ಸಾಫ್ಟ್‌ವೇರ್ ಬೈಪಾಸ್ ತೆರೆದು ಬೂಸ್ಟನ್ನು ಬಿಟ್ಟುಕೊಡುತ್ತಿರುತ್ತದೆ, ರೀಮ್ಯಾಪ್ ಅದನ್ನು ಉಳಿಸಿಕೊಳ್ಳುತ್ತದೆ. ಅದಕ್ಕೂ ಮೊದಲು ಇನ್‌ಟೇಕ್ ವಾಲ್ವ್‌ಗಳ ಮೇಲಿನ ಕಾರ್ಬನ್ ತೆಗೆಸಿ. ಡೈರೆಕ್ಟ್ ಇಂಜೆಕ್ಷನ್ (ನೇರ ಸಿಲಿಂಡರಿಗೇ ಸಿಂಪಡಿಸುವುದು) ಆದ್ದರಿಂದ ಪೆಟ್ರೋಲ್ ವಾಲ್ವನ್ನು ತೊಳೆಯುವುದಿಲ್ಲ, ಟ್ಯಾಂಕಿಗೆ ಸುರಿಯುವ ಕ್ಲೀನರ್ ಅಲ್ಲಿಗೆ ಮುಟ್ಟುವುದೇ ಇಲ್ಲ. ವಾಲ್‌ನಟ್ ಚಿಪ್ಪಿನ ಪುಡಿ ಹೊಡೆದು ತೆಗೆಯಬೇಕು. ಸೂಪರ್‌ಚಾರ್ಜರ್ ಹೇಗೂ ಬಿಚ್ಚಿರುವುದರಿಂದ ಅದೇ ಹೊತ್ತಿಗೆ ಅದರ ಕೆಳಗಿರುವ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಆವಿ ಹೊರಬಿಡುವುದು), ಥರ್ಮೋಸ್ಟಾಟ್ ಬದಲಿಸಿ. ಎಸ್ ಟ್ರಾನಿಕ್ ಗೇರ್‌ಬಾಕ್ಸಿನ ಆಯಿಲ್ 60,000 ಕಿ.ಮೀ.ಗೆ ಬದಲಾಗಿಲ್ಲದಿದ್ದರೆ ರೀಮ್ಯಾಪ್ ಮುಂದೂಡಿ.

ಪ್ರಶ್ನೆ: ಸೂಪರ್‌ಚಾರ್ಜರಿಗೆ ಗಾಳಿ ಹೆಚ್ಚು ಸಿಗಲೆಂದು ಬಂಪರ್ ಕೆಳಗೆ ಕೋನ್ ಫಿಲ್ಟರ್ ಇಡಬಹುದೇ?
— ಎಸ್. ಕೆ., ದಾದರ್

ಉತ್ತರ: ನೀವು ಹಿಂದ್‌ಮಾತಾ ದಾಟಿ ಮನೆಗೆ ಹೋಗುವವರು. ಜುಲೈಯಲ್ಲಿ ಅಲ್ಲಿ ನಿಂತ ನೀರನ್ನು ಸೂಪರ್‌ಚಾರ್ಜರ್ ಗಾಳಿಯಷ್ಟೇ ಸಲೀಸಾಗಿ ಎಳೆದು ಸಿಲಿಂಡರಿಗೆ ತಳ್ಳುತ್ತದೆ. ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬೇಡ. ಕಂಪನಿಯ ಫಿಲ್ಟರ್ ಡಬ್ಬಿಯನ್ನೇ ಉಳಿಸಿ, ಒಳಗೆ ಹೊಸ ಪೇಪರ್ ಫಿಲ್ಟರ್ ಹಾಕಿ.

ಪ್ರಶ್ನೆ: ಇದೆಲ್ಲ ಮಾಡಿಸಿದರೆ ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಏನು?
— ಪಿ. ಎಚ್., ಡೊಂಬಿವಲಿ, ಇದೇ ಪ್ರಶ್ನೆ ವಾಸ್ಕೋದಿಂದಲೂ ಬಂದಿದೆ

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಹೇಳುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪತ್ತೆಯಾದರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವುದಂತೂ ಕೂಡದು.

ಹಾಗಾಗಿ ಹೆಚ್ಚು ಬೂಸ್ಟಿನ ಕಾರು ರಸ್ತೆಗಲ್ಲ, ಟ್ರ್ಯಾಕಿಗೆ. ಸ್ಪರ್ಧೆಗೆ ದೇಶದ ಮೋಟಾರ್ ಕ್ರೀಡಾ ಸಂಸ್ಥೆಯಾದ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಬೇಕು. ದೊಡ್ಡ ಟ್ರ್ಯಾಕ್‌ಗಳು ಕೊಯಮತ್ತೂರಿನಲ್ಲಿ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಇವೆ. ಕಾರನ್ನು ಟ್ರೇಲರಿನಲ್ಲಿ ಒಯ್ಯಿರಿ. ರಸ್ತೆಯ ಕಾರಿಗೆ ಮೇಲೆ ಹೇಳಿದ ಕೂಲಿಂಗ್ ದುರಸ್ತಿ, ಹೊಸ ಪ್ಲಗ್, ಸೋರದ ಹೋಸ್, ಶುದ್ಧ ಸೂಪರ್‌ಚಾರ್ಜರ್ ಆಯಿಲ್ ಇವೆಲ್ಲ ಮಾಮೂಲಿ ನಿರ್ವಹಣೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.